ರೋಗಾಣುವಿನ ಗುರುತು, ಔಷಧದ ಪರೀಕ್ಷೆ

ಮೂತ್ರದಲ್ಲಿ ಉರಿ, ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋದ ರೋಗಿಯ ಕೈಗೆ, ಎರಡು ಮೂರು ದಿನಗಳು ಕಳೆದ ಮೇಲೆ, ಪ್ರಯೋಗಶಾಲೆಯಿಂದ ಒಂದು ಕಾಗದ ಬರುತ್ತದೆ. ಜನರ ಮಾತಿನಲ್ಲಿ ಅದು ಕಲ್ಚರ್ ರಿಪೋರ್ಟ್. ಮೇಲ್ಗಡೆ ಒಂದು ಲ್ಯಾಟಿನ್ ನಾಮಧೇಯ, ಅದರ ಕೆಳಗೆ ಹತ್ತು ಹದಿನೈದು ಔಷಧಗಳ ಪಟ್ಟಿ, ಒಂದೊಂದು ಔಷಧದ ಎದುರಿಗೂ ‘ಎಸ್’ ಎಂದೋ ‘ಆರ್’ ಎಂದೋ ಒಂದು ಅಕ್ಷರ: ಇಷ್ಟೇ ಅದರ ಸ್ವರೂಪ. ರೋಗಿ ಅದನ್ನು ವೈದ್ಯರ ಮೇಜಿನ ಮೇಲಿಡುತ್ತಾನೆ. ವೈದ್ಯರು ಕ್ಷಣಕಾಲ ಕಣ್ಣಾಡಿಸಿ ಮಾತ್ರೆಯನ್ನು ಬದಲಾಯಿಸುತ್ತಾರೆ, ಇಲ್ಲವೆ ಇದ್ದುದನ್ನೇ ಮುಂದುವರಿಸಿರೆನ್ನುತ್ತಾರೆ. ಆ ಒಂದೊಂದು ಅಕ್ಷರವನ್ನು ಬರೆಯುವುದಕ್ಕೆ ಮುನ್ನ ಎಷ್ಟು ವಿಚಾರ, ಎಷ್ಟು ಕೈಕೆಲಸ, ಎಷ್ಟು ಎಚ್ಚರ ಬೇಕಾಯಿತೆಂಬುದನ್ನು ಅರಿತವರು ವಿರಳ. ಅರಿಯಬೇಕಾದ ಅಗತ್ಯವಾದರೋ ನಮ್ಮ ಕಾಲದಲ್ಲಿ ಎಂದಿಗಿಂತಲೂ ಹೆಚ್ಚಾಗಿದೆ.

ಪೆನಿಸಿಲಿನ್ ಬಳಕೆಗೆ ಬಂದ ಹೊಸತರಲ್ಲಿ, ರೋಗಾಣುವಿನ ಹೆಸರು ಗೊತ್ತಾದರೆ ಔಷಧವೂ ಗೊತ್ತಾದಂತೆಯೇ ಎಂಬ ಭರವಸೆ ವೈದ್ಯರಲ್ಲಿ ಬಲವಾಗಿತ್ತು. ಇಂದು ಆ ಭರವಸೆ ಉಳಿದಿಲ್ಲ. ಒಂದೇ ಕೇರಿಯ ಅಕ್ಕಪಕ್ಕದ ಮನೆಗಳ ಇಬ್ಬರ ದೇಹದಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯ ಸೇರಿಕೊಂಡು ಒಂದೇ ಬಗೆಯ ರೋಗವನ್ನುಂಟುಮಾಡಿದ್ದರೂ, ಒಬ್ಬರನ್ನು ಐದು ದಿನಗಳಲ್ಲಿ ಗುಣಪಡಿಸಿದ ಮಾತ್ರೆ ಇನ್ನೊಬ್ಬರಲ್ಲಿ ಯಾವ ಪರಿಣಾಮವನ್ನೂ ತೋರದೆ ಹೋಗಬಹುದು. ಆದಕಾರಣ ಹೆಸರನ್ನು ತಿಳಿಯುವುದು ಅರ್ಧ ಕೆಲಸ. ಈ ರೋಗಿಯಲ್ಲಿರುವ ಈ ರೋಗಾಣು ಯಾವ ಔಷಧಕ್ಕೆ ಮಣಿಯುತ್ತದೆ, ಯಾವುದಕ್ಕೆ ಮಣಿಯುವುದಿಲ್ಲ ಎಂಬುದನ್ನು, ಅದನ್ನೇ ಬೆಳೆಸಿ ಅದರ ಮೇಲೆಯೇ ಔಷಧವನ್ನು ಪ್ರಯೋಗಿಸಿ ಕಂಡುಕೊಳ್ಳುವುದು ಉಳಿದರ್ಧ. ಈ ಎರಡೂ ನಡೆಯುವ ಬಗೆಯನ್ನು, ಮೂತ್ರದ ಒಂದು ಸ್ಯಾಂಪಲ್ಲಿನ ಬೆನ್ನು ಹತ್ತಿ ಹೋಗಿ ನೋಡೋಣ.

ಅದಕ್ಕೆ ಮೊದಲು, ಈ ವಿದ್ಯೆ ಬೆಳೆದು ಬಂದ ದಾರಿಯನ್ನು ಕುರಿತು ನಾಲ್ಕು ಮಾತು. ಕಣ್ಣಿಗೆ ಕಾಣದ ಜೀವಿಗಳುಂಟೆಂಬುದನ್ನು ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್, ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳ ಮೂಲಕ 1670ರ ದಶಕದಲ್ಲಿ ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆದರೆ ಕಾಣುವುದು ಬೇರೆ, ಬೆರೆತುಕೊಂಡಿರುವ ಹಲವು ಜಾತಿಗಳಲ್ಲಿ ಒಂದನ್ನು ಬೇರ್ಪಡಿಸಿ ಬೆಳೆಸುವುದು ಬೇರೆ. ಅದಕ್ಕೆ ಇನ್ನೂರು ವರ್ಷಗಳು ಹಿಡಿದುವು. ಜರ್ಮನಿಯ ರಾಬರ್ಟ್ ಕಾಕ್ ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆಯೂ ಅನಂತರ ಜೆಲಾಟಿನ್ ಬೆರೆಸಿದ ಸಾರಿನ ಮೇಲೆಯೂ ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡಿದನು. ಜೆಲಾಟಿನ್ನಿನ ತೊಡಕೆಂದರೆ, ಮನುಷ್ಯದೇಹದ ಉಷ್ಣತೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಗಳು ಅದನ್ನು ಜೀರ್ಣಿಸಿಕೊಂಡೂ ಬಿಡುತ್ತಿದ್ದುವು. ಕಾಕ್‌ನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಮ್ಮ ಅಡುಗೆಮನೆಯಲ್ಲಿ ಸಿಹಿತಿನಿಸುಗಳನ್ನು ಗಟ್ಟಿ ಮಾಡುವುದಕ್ಕೆ ಉಪಯೋಗಿಸುತ್ತಿದ್ದ ಅಗಾರನ್ನು ಬಳಸಿ ನೋಡಬಹುದೆಂದು 1881ರಲ್ಲಿ ಸೂಚಿಸಿದರು. ಸಮುದ್ರದ ಪಾಚಿಯಿಂದ ತೆಗೆಯುವ ಈ ವಸ್ತು ನಮ್ಮ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ದೊರೆಯುವುದೂ ಉಂಟು. ಒಮ್ಮೆ ಗಟ್ಟಿಯಾದ ಅಗಾರ್ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಲ್ಲದೆ ಕರಗದು. ಅದನ್ನು ಜೀರ್ಣಿಸಿಕೊಳ್ಳಬಲ್ಲ ರೋಗಾಣು ಇಲ್ಲವೆಂದೇ ಹೇಳಬಹುದು. 1887ರಲ್ಲಿ ಕಾಕ್‌ನ ಇನ್ನೊಬ್ಬ ಸಹಾಯಕ ಯೂಲಿಯಸ್ ರಿಚರ್ಡ್ ಪೆಟ್ರಿ ಮುಚ್ಚಳವುಳ್ಳ ಚಪ್ಪಟೆ ಗಾಜಿನ ತಟ್ಟೆಯನ್ನು ಬಳಕೆಗೆ ತಂದನು. ಇಂದು ಬೆಂಗಳೂರು, ಮೈಸೂರು, ಮಣಿಪಾಲ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳಲ್ಲಿ ದಿನವೂ ರಾಶಿರಾಶಿಯಾಗಿ ಬಳಕೆಯಾಗುವ ಅಗಾರ್ ಪ್ಲೇಟಿನ ಮೂಲ ಇದೇ.

ಇನ್ನು ಸ್ಯಾಂಪಲ್ಲಿನ ವಿಷಯ. ಪರೀಕ್ಷೆಯ ಸತ್ಯಾಸತ್ಯತೆಯ ಬಹುಭಾಗ ಪ್ರಯೋಗಶಾಲೆಯ ಹೊಸ್ತಿಲನ್ನು ತುಳಿಯುವ ಮೊದಲೇ ನಿರ್ಧಾರವಾಗಿರುತ್ತದೆ. ಆರೋಗ್ಯವಂತರ ಚರ್ಮದ ಮೇಲೂ ಮೂತ್ರದ್ವಾರದ ಸುತ್ತಲೂ ನಿರುಪದ್ರವಿಗಳಾದ ಬ್ಯಾಕ್ಟೀರಿಯಗಳು ಸದಾ ಇದ್ದೇ ಇರುವುದರಿಂದ, ಆ ಭಾಗವನ್ನು ನೀರಿನಿಂದ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುಧಾರೆಯನ್ನು ಮಾತ್ರ ಕ್ರಿಮಿಶುದ್ಧ ಡಬ್ಬಿಯಲ್ಲಿ ಹಿಡಿಯತಕ್ಕದ್ದು. ಹಿಡಿದುದನ್ನು ಎರಡು ಗಂಟೆಗಳೊಳಗೆ ಲ್ಯಾಬಿಗೆ ತಲಪಿಸಬೇಕು, ಸಾಧ್ಯವಾಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಬಿಸಿಲಿನಲ್ಲಿ ಬಸ್ಸಿನ ಚೀಲದಲ್ಲಿ ಅರ್ಧ ದಿನ ಕುಳಿತ ಸ್ಯಾಂಪಲ್ಲಿನಲ್ಲಿ, ಮೊದಲು ನಗಣ್ಯವಾಗಿದ್ದ ಹೊರಗಿನ ಬ್ಯಾಕ್ಟೀರಿಯಗಳೇ ವೃದ್ಧಿಗೊಂಡು ರೋಗಾಣುಗಳೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದುದೆಂದರೆ, ಆ್ಯಂಟಿಬಯಾಟಿಕ್ಕಿನ ಮೊದಲ ಮಾತ್ರೆಯನ್ನು ನುಂಗುವುದಕ್ಕೆ ಮುಂಚೆಯೇ ಸ್ಯಾಂಪಲ್ ಕೊಡುವುದು. ಏಕೆಂದರೆ ಔಷಧದ ಒಂದೆರಡು ಮಾತ್ರೆಗಳು ಬ್ಯಾಕ್ಟೀರಿಯಗಳನ್ನು ಪೂರ್ತಿ ಕೊಲ್ಲದೆ, ಪ್ಲೇಟಿನಲ್ಲಿ ಬೆಳೆಯದಂತೆ ಮಾತ್ರ ಕುಗ್ಗಿಸಿಬಿಟ್ಟರೆ, ರೋಗವಿದ್ದೂ ರಿಪೋರ್ಟಿನಲ್ಲಿ ಏನೂ ಕಾಣದೆ ಹೋಗುತ್ತದೆ.

ಲ್ಯಾಬಿನಲ್ಲಿ ಮೊದಲ ದಿನದ ಕೆಲಸ ಲೂಪಿನದು. ಲೂಪ್ ಎಂದರೆ ಹಿಡಿಯ ತುದಿಗೆ ಸಿಕ್ಕಿಸಿದ ನೈಕ್ರೋಮ್ ತಂತಿ. ತಂತಿಯ ಕೊನೆಯಲ್ಲಿ ಕಿರಿದಾದ ಒಂದು ಬಳೆ. ತಂತ್ರಜ್ಞರು ಅದನ್ನು ಬರ್ನರಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಗೊಟ್ಟು, ಮೂತ್ರದಲ್ಲಿ ನೇರವಾಗಿ ಅದ್ದಿ ತೆಗೆಯುತ್ತಾರೆ. ಅಳತೆ ಮಾಡಿದ ಆ ಬಳೆಯಲ್ಲಿ ನಿಲ್ಲುವುದು ಮಿಲಿಲೀಟರಿನ ಸಾವಿರದಲ್ಲೊಂದು ಭಾಗ ಮಾತ್ರ. ಅದನ್ನು ಅಗಾರಿನ ಮೇಲೆ ನಡುವೆ ಒಂದು ಗೆರೆಯಾಗಿ ಎಳೆದು, ಆ ಗೆರೆಯನ್ನು ಅಡ್ಡಲಾಗಿ ಹಾಯ್ದುಕೊಂಡು ಮೇಲಿಂದ ಕೆಳತನಕ ಒತ್ತೊತ್ತಾಗಿ ಹರಡುತ್ತಾರೆ. ಕೀವು, ಕಫಗಳಂಥ ಸ್ಯಾಂಪಲ್ಲುಗಳಾದರೆ ಕ್ರಮ ಬೇರೆ: ಪ್ಲೇಟಿನ ಒಂದು ಮೂಲೆಯಲ್ಲಿ ಸ್ಯಾಂಪಲ್ಲನ್ನು ಹಚ್ಚಿ, ಲೂಪನ್ನು ಮತ್ತೆ ಕಾಯಿಸಿ, ಆ ಅಂಚಿನಿಂದ ನಾಲ್ಕಾರು ಗೆರೆಗಳನ್ನು ಹೊರಕ್ಕೆಳೆದು, ಪುನಃ ಕಾಯಿಸಿ ಆ ಗೆರೆಗಳ ತುದಿಯಿಂದ ಮತ್ತೆ ಕೆಲವನ್ನು ಎಳೆಯುತ್ತಾ ಹೋದರೆ, ಹೆಜ್ಜೆಹೆಜ್ಜೆಗೂ ಬ್ಯಾಕ್ಟೀರಿಯಗಳ ಸಂಖ್ಯೆ ಕ್ಷೀಣಿಸಿ, ಕಡೆಯ ಗೆರೆಗಳ ಮೇಲೆ ಅವು ಒಂದಕ್ಕೊಂದು ತಾಕದಂತೆ ಬಿಡಿಬಿಡಿಯಾಗಿ ನೆಲೆಸುತ್ತವೆ. ಅಗಾರಿನ ಮೈ ಹರಿಯದಂತೆ ಹಗುರವಾಗಿ ಕೈಯಾಡಿಸುವ ಈ ಕೌಶಲ್ಯ ಪುಸ್ತಕದಿಂದ ಬರತಕ್ಕದ್ದಲ್ಲ.

ಪ್ಲೇಟುಗಳಲ್ಲಿಯೂ ಬಗೆಗಳುಂಟು. ಕುರಿಯ ರಕ್ತವನ್ನು ಬೆರೆಸಿದ ಬ್ಲಡ್ ಅಗಾರ್ ಬಹುತೇಕ ಎಲ್ಲ ಸಾಮಾನ್ಯ ಬ್ಯಾಕ್ಟೀರಿಯಗಳನ್ನೂ ಪೋಷಿಸುತ್ತದೆ. ಅವುಗಳಲ್ಲಿ ಯಾವುದು ರಕ್ತಕಣಗಳನ್ನು ಒಡೆಯಬಲ್ಲುದೆಂಬುದನ್ನೂ ತೋರಿಸಿಕೊಡುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಮೆಕಾಂಕಿ ರೂಪಿಸಿದ ಅಗಾರಿನಲ್ಲಾದರೋ ಪಿತ್ತಲವಣ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಮತ್ತು ಹುಳಿಯಾದೊಡನೆ ಕೆಂಪಾಗುವ ಒಂದು ಬಣ್ಣ ಸೇರಿವೆ. ಕರುಳಿನಲ್ಲಿ ವಾಸಿಸಬಲ್ಲ ಬ್ಯಾಕ್ಟೀರಿಯಗಳು ಮಾತ್ರ ಪಿತ್ತಲವಣವನ್ನು ತಾಳಿಕೊಂಡು ಅಲ್ಲಿ ಬೆಳೆಯುತ್ತವೆ. ಅವುಗಳಲ್ಲಿ ಲ್ಯಾಕ್ಟೋಸನ್ನು ಹುಳಿಯಿಸುವಂಥವು ಗುಲಾಬಿ ಬಣ್ಣವನ್ನು ತಳೆದರೆ, ಹುಳಿಯಿಸಲಾರದವು ಬಣ್ಣವಿಲ್ಲದೆ ಉಳಿಯುತ್ತವೆ. ಪ್ಲೇಟುಗಳನ್ನು ಬೋರಲಾಗಿ ಇನ್‌ಕ್ಯುಬೇಟರಿನಲ್ಲಿಟ್ಟು ಒಂದು ರಾತ್ರಿ ಬಿಡುತ್ತಾರೆ. ಉಗುರುಬೆಚ್ಚಗಿನ ಹಾಲಿಗೆ ಹಾಕಿದ ಒಂದು ಚಮಚ ಹೆಪ್ಪು ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವಂತೆಯೇ ಇಲ್ಲಿಯೂ ಶಾಖ ಮತ್ತು ಆಹಾರ ದೊರೆತ ಬ್ಯಾಕ್ಟೀರಿಯ ಹೆಚ್ಚುತ್ತದೆ. ಅನುಕೂಲವಾದ ಸ್ಥಿತಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯ ಸುಮಾರು 20 ನಿಮಿಷಗಳಿಗೊಮ್ಮೆ ಎರಡಾಗುತ್ತದೆಂದರೆ, ಸಂಜೆ ಒಂದಾಗಿದ್ದುದು ಏಳು ಗಂಟೆಗಳಲ್ಲಿ ಇಪ್ಪತ್ತು ಲಕ್ಷವನ್ನು ಮುಟ್ಟುತ್ತದೆ; ಬೆಳಗ್ಗೆ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗಿ ನಿಲ್ಲುತ್ತದೆ. ಅದಕ್ಕೆ ಕಾಲೊನಿ ಎಂದು ಹೆಸರು.

ಎರಡನೆಯ ದಿನದ ಬೆಳಗ್ಗೆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುವುದೇ ಒಂದು ಶಾಸ್ತ್ರ. ಮೊದಲು ಎಣಿಕೆ. ಸಾವಿರದಲ್ಲೊಂದು ಭಾಗ ಮೂತ್ರದಿಂದ ನೂರು ಕಾಲೊನಿಗಳು ಹುಟ್ಟಿದ್ದರೆ, ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ ಬ್ಯಾಕ್ಟೀರಿಯಗಳಿದ್ದುವೆಂದಾಯಿತು. ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ 1950ರ ದಶಕದಲ್ಲಿ ತೋರಿಸಿಕೊಟ್ಟಂತೆ, ಒಂದು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸಂಖ್ಯೆ ನಿಜವಾದ ಸೋಂಕಿನ ಲಕ್ಷಣ; ಉರಿ, ಜ್ವರಗಳು ಸ್ಪಷ್ಟವಾಗಿರುವ ರೋಗಿಗಳಲ್ಲಿ ಅದಕ್ಕಿಂತ ಕಡಮೆಯ ಸಂಖ್ಯೆಯನ್ನೂ ವೈದ್ಯರು ಗಣನೆಗೆ ತೆಗೆದುಕೊಳ್ಳುತ್ತಾರೆ. ಎಣಿಕೆಯ ಬಳಿಕ ರೂಪ. ಮೆಕಾಂಕಿ ಅಗಾರಿನ ಮೇಲೆ ಎರಡು ಮೂರು ಮಿಲಿಮೀಟರ್ ಅಗಲದ, ಒಣಗಿದಂತೆ ಕಾಣುವ ಗುಲಾಬಿ ಕಾಲೊನಿಗಳಿದ್ದರೆ ಇ. ಕೋಲೈ ಇರಬಹುದೆಂದು ಊಹೆ. ಅದೇ ಗುಲಾಬಿ ಲೋಳೆಲೋಳೆಯಾಗಿ, ಲೂಪ್ ತಾಕಿಸಿದರೆ ನೂಲಿನಂತೆ ಎಳೆದುಕೊಂಡು ಬಂದರೆ ಕ್ಲೆಬ್ಸಿಯೆಲ್ಲ. ಬಣ್ಣವಿಲ್ಲದೆ, ಸುತ್ತಲ ಅಗಾರಿಗೆ ಹಸಿರು ಛಾಯೆಯನ್ನು ಬಿಟ್ಟಿದ್ದರೆ ಸ್ಯುಡೋಮೋನಾಸ್. ಬ್ಲಡ್ ಅಗಾರಿನ ಮೇಲೆ ಅಲೆಯಲೆಯಾಗಿ ಹರಡಿಕೊಂಡಿದ್ದರೆ ಪ್ರೋಟಿಯಸ್. ಆದರೆ ಊಹೆ ನಿರ್ಣಯವಲ್ಲ. ನಿರ್ಣಯಕ್ಕೆ ಇನ್ನೂ ಪುರಾವೆಗಳು ಬೇಕು.

ಆ ಪುರಾವೆಗಳಲ್ಲಿ ಮೊದಲನೆಯದನ್ನು ಒದಗಿಸಿದವನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್. 1884ರಲ್ಲಿ ಬರ್ಲಿನ್ನಿನಲ್ಲಿ, ನ್ಯುಮೋನಿಯದಿಂದ ಸತ್ತವರ ಶ್ವಾಸಕೋಶದ ತುಂಡುಗಳಲ್ಲಿ ಬ್ಯಾಕ್ಟೀರಿಯಗಳು ಎದ್ದು ಕಾಣುವಂತೆ ಬಣ್ಣ ಹಾಕುವ ಉಪಾಯವನ್ನು ಆತ ಕಂಡುಹಿಡಿದನು. ಗಾಜಿನ ಪಟ್ಟಿಯ ಮೇಲೆ ಕಾಲೊನಿಯ ಒಂದು ಕಣವನ್ನು ನೀರಿನಲ್ಲಿ ಕದಡಿ ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ ಅಂಟುವಂತೆ ಮಾಡಿ, ಒಂದು ನಿಮಿಷ ನೇರಳೆ ಬಣ್ಣವನ್ನು, ಅನಂತರ ಒಂದು ನಿಮಿಷ ಅಯೋಡಿನ್ನನ್ನು ಹೊಯ್ದು, ಆಲ್ಕೋಹಾಲಿನಿಂದ ಕೆಲವೇ ಸೆಕೆಂಡುಗಳ ಕಾಲ ತೊಳೆದು, ಕಡೆಗೆ ಸಾಫ್ರನಿನ್ ಎಂಬ ಕೆಂಪು ಬಣ್ಣವನ್ನು ಹಾಕುತ್ತಾರೆ. ದಪ್ಪನಾದ ಕೋಶಭಿತ್ತಿಯುಳ್ಳ ಬ್ಯಾಕ್ಟೀರಿಯಗಳು ನೇರಳೆಯನ್ನು ಬಿಡದೆ ಹಿಡಿದುಕೊಳ್ಳುತ್ತವೆ. ತೆಳುವಾದ ಭಿತ್ತಿಯುಳ್ಳವು ಆಲ್ಕೋಹಾಲಿಗೆ ಅದನ್ನು ಬಿಟ್ಟುಕೊಟ್ಟು ಕೆಂಪನ್ನು ಪಡೆಯುತ್ತವೆ. ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದ ಕೆಳಗೆ ನಮ್ಮ ಮೂತ್ರದ ಸ್ಯಾಂಪಲ್ಲಿನ ರೋಗಾಣು ಗುಲಾಬಿಗೆಂಪಿನ ಗಿಡ್ಡ ಕಡ್ಡಿಗಳಾಗಿ ಕಾಣುತ್ತದೆ: ಗ್ರಾಮ್ ನೆಗೆಟಿವ್ ಬ್ಯಾಸಿಲಸ್. ತೊಳೆಯುವುದು ನಾಲ್ಕು ಸೆಕೆಂಡು ಹೆಚ್ಚಾದರೆ ನೇರಳೆಯಾಗಬೇಕಾದುದು ಕೆಂಪಾಗಿಬಿಡಬಹುದಾದಕಾರಣ, ಕೈಗೆ ಪಳಗಿದ ಈ ಸರಳ ಕೆಲಸವನ್ನೂ ಗೊತ್ತಿರುವ ಬ್ಯಾಕ್ಟೀರಿಯಗಳೊಡನೆ ಹೋಲಿಸಿ ನೋಡುವ ಪದ್ಧತಿಯುಂಟು.

ಅನಂತರದವು ಜೀವರಾಸಾಯನಿಕ ಪರೀಕ್ಷೆಗಳು. ಬ್ಯಾಕ್ಟೀರಿಯಗಳ ಆಕಾರಗಳು ಕೆಲವೇ ಆದರೂ, ಅವು ಏನನ್ನು ತಿನ್ನುತ್ತವೆ, ತಿಂದುದನ್ನು ಏನಾಗಿ ಮಾರ್ಪಡಿಸುತ್ತವೆ ಎಂಬುದರಲ್ಲಿ ಜಾತಿಜಾತಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವೇ ಗುರುತಿನ ಆಧಾರ. ಸಾರಿನ ನಳಿಕೆಯಲ್ಲಿ ಬೆಳೆದ ಬ್ಯಾಕ್ಟೀರಿಯಕ್ಕೆ ಕೋವಾಕ್ಸ್ ದ್ರಾವಣದ ಕೆಲವು ಹನಿಗಳನ್ನು ಬಿಟ್ಟಾಗ ಮೇಲ್ಗಡೆ ಚೆರ್ರಿಗೆಂಪಿನ ಉಂಗುರ ಮೂಡಿದರೆ ಇಂಡೋಲ್ ಉತ್ಪತ್ತಿಯಾಗಿದೆಯೆಂದು ಅರ್ಥ, ಇ. ಕೋಲೈ ಅದನ್ನು ತೋರುತ್ತದೆ. ಸಿಟ್ರೇಟನ್ನೇ ಏಕೈಕ ಇಂಗಾಲದ ಆಹಾರವಾಗಿ ಕೊಟ್ಟ ಹಸಿರು ಅಗಾರಿನಲ್ಲಿ ಕ್ಲೆಬ್ಸಿಯೆಲ್ಲ ಬೆಳೆದು ನೀಲಿ ಬಣ್ಣವನ್ನುಂಟುಮಾಡುತ್ತದೆ; ಇ. ಕೋಲೈಗೆ ಅದು ಸಾಧ್ಯವಿಲ್ಲದೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಯೂರಿಯವನ್ನು ಕೆಲವೇ ಗಂಟೆಗಳಲ್ಲಿ ಒಡೆದು ನಳಿಕೆಯನ್ನು ಗುಲಾಬಿಯಾಗಿಸುವುದು ಪ್ರೋಟಿಯಸ್. ಗ್ರಾಮ್ ಪಾಸಿಟಿವ್ ಗುಂಡುಗಳಾದರೆ ಹೈಡ್ರೋಜನ್ ಪೆರಾಕ್ಸೈಡಿನ ಒಂದು ಹನಿ ಸಾಕು: ನೊರೆಗಟ್ಟಿದರೆ ಸ್ಟೆಫಿಲೊಕಾಕಸ್, ಸುಮ್ಮನಿದ್ದರೆ ಸ್ಟ್ರೆಪ್ಟೊಕಾಕಸ್. ಹೀಗೆ ಒಂದೊಂದು ಉತ್ತರವನ್ನೂ ಕೂಡಿಸಿಕೊಂಡು, 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಶರಿಷ್ ಶಿಶುಗಳ ಮಲದಲ್ಲಿ ಮೊದಲು ಕಂಡು ವರ್ಣಿಸಿದ ಬ್ಯಾಕ್ಟೀರಿಯವೇ ಇದು, ಅಂದರೆ ಇ. ಕೋಲೈ, ಎಂದು ನಿಶ್ಚಯಿಸುತ್ತಾರೆ. ಕರುಳಿನಲ್ಲಿ ನಿರಪಾಯವಾಗಿರುವ ಜೀವಿ ಮೂತ್ರಮಾರ್ಗವನ್ನು ಹೊಕ್ಕು ರೋಗಕಾರಣವಾಗಿದೆ.

ಹೆಸರು ತಿಳಿಯಿತು. ಇನ್ನು ಔಷಧದ ಪ್ರಶ್ನೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುದು, ಬೂಷ್ಟು ಬೆಳೆದ ಜಾಗದ ಸುತ್ತ ಸ್ಟೆಫಿಲೊಕಾಕಸ್ ಕಾಲೊನಿಗಳು ಕರಗಿಹೋಗಿದ್ದ ಒಂದು ಪ್ಲೇಟನ್ನು. ಔಷಧದ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಉಳಿಯುವ ಬಯಲು, ಅದರ ಶಕ್ತಿಯ ಪ್ರಮಾಣವಾಗಬಲ್ಲುದೆಂಬುದು ಅಂದಿನಿಂದಲೂ ತಿಳಿದ ಸಂಗತಿ. ಆದರೆ ಒಂದೊಂದು ಪ್ರಯೋಗಶಾಲೆಯೂ ತನಗೆ ತೋಚಿದ ಅಗಾರನ್ನು, ತನಗೆ ಸರಿಕಂಡ ಪ್ರಮಾಣದ ಔಷಧವನ್ನು ಬಳಸುತ್ತಿದ್ದುದರಿಂದ, ಒಂದೂರಿನ ಫಲಿತಾಂಶ ಇನ್ನೊಂದೂರಿನದರೊಡನೆ ಹೊಂದುತ್ತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಾವರ್, ಕರ್ಬಿ, ಶೆರಿಸ್, ಟರ್ಕ್ ಎಂಬ ನಾಲ್ವರು 1966ರಲ್ಲಿ ಪ್ರಕಟಿಸಿದ ಲೇಖನ ಈ ಗೊಂದಲಕ್ಕೆ ಒಂದು ಕೊನೆಯನ್ನು ಕಾಣಿಸಿತು. ಅವರು ನಿಯಮಿಸಿದ ಕ್ರಮವೇ ಕರ್ಬಿ–ಬಾವರ್ ಪದ್ಧತಿಯೆಂಬ ಹೆಸರಿನಿಂದ, ಆಗಾಗ ತಿದ್ದುಪಡಿಗಳನ್ನು ಪಡೆಯುತ್ತಾ, ಇಂದಿಗೂ ಲೋಕದ ಅಸಂಖ್ಯ ಲ್ಯಾಬುಗಳಲ್ಲಿ ನಡೆದುಕೊಂಡು ಬಂದಿದೆ.

ಅದರ ವಿಧಾನ ಹೀಗೆ. ಮೂರು ನಾಲ್ಕು ಕಾಲೊನಿಗಳ ನೆತ್ತಿಯನ್ನು ಲೂಪಿನಿಂದ ತಾಕಿ, ಕ್ರಿಮಿಶುದ್ಧ ಲವಣಜಲದಲ್ಲಿ ಕದಡಿ, ಆ ಮಬ್ಬನ್ನು ಮೆಕ್‌ಫಾರ್ಲೆಂಡ್ ಅರ್ಧ ಎಂಬ ಅಳತೆಯ ನಳಿಕೆಯೊಡನೆ ಪಕ್ಕಪಕ್ಕದಲ್ಲಿ ಹಿಡಿದು, ಹಿಂದೆ ಕಪ್ಪು ಗೆರೆಗಳುಳ್ಳ ಬಿಳಿಯ ಕಾರ್ಡನ್ನಿಟ್ಟು ಹೋಲಿಸುತ್ತಾರೆ. ಗೆರೆಗಳು ಎರಡು ನಳಿಕೆಗಳಲ್ಲಿಯೂ ಒಂದೇ ಸಮನಾಗಿ ಮಸುಕಾದರೆ ಮಿಲಿಲೀಟರಿಗೆ ಸುಮಾರು ಹದಿನೈದು ಕೋಟಿ ಬ್ಯಾಕ್ಟೀರಿಯಗಳಿವೆಯೆಂದು ಅರ್ಥ. ಕಾಲು ಗಂಟೆಯೊಳಗೆ ಹತ್ತಿಯ ಸ್ವಾಬನ್ನು ಅದರಲ್ಲಿ ಅದ್ದಿ, ನಳಿಕೆಯ ಗೋಡೆಗೆ ಒತ್ತಿ ಹೆಚ್ಚಿನ ನೀರನ್ನು ಹಿಂಡಿ, ಮ್ಯುಲರ್–ಹಿಂಟನ್ ಅಗಾರಿನ ಮೇಲೆ ಮೂರು ದಿಕ್ಕುಗಳಿಂದ, ಎಲ್ಲಿಯೂ ಬರಿದಾದ ಜಾಗ ಉಳಿಯದಂತೆ ಹಚ್ಚುತ್ತಾರೆ. ಮೇಲೆ ಆರು ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು, ಅಂದರೆ ಡಿಸ್ಕುಗಳನ್ನು, ಚಿಮ್ಮಟದಿಂದ ಒಂದೊಂದಾಗಿ ಇಟ್ಟು ಮೆಲ್ಲಗೆ ಅದುಮುತ್ತಾರೆ. ಒಂದೊಂದರಲ್ಲಿಯೂ ಗೊತ್ತುಪಡಿಸಿದ ಪ್ರಮಾಣದ ಔಷಧವುಂಟು: ಆಂಪಿಸಿಲಿನ್ 10 ಮೈಕ್ರೊಗ್ರಾಂ, ಸಿಪ್ರೊಫ್ಲಾಕ್ಸಾಸಿನ್ 5 ಮೈಕ್ರೊಗ್ರಾಂ, ಹೀಗೆ. ಒಮ್ಮೆ ಅಗಾರನ್ನು ತಾಕಿದ ಡಿಸ್ಕನ್ನು ಕದಲಿಸಕೂಡದು. ಔಷಧ ಆ ಕ್ಷಣದಿಂದಲೇ ಹರಡತೊಡಗಿರುತ್ತದೆ. ಅಗಾರಿನ ದಪ್ಪ ನಾಲ್ಕು ಮಿಲಿಮೀಟರ್ ಇರತಕ್ಕದ್ದು: ತೆಳುವಾದರೆ ಡಿಸ್ಕಿನ ಸುತ್ತ ಬೆಳೆಯಿಲ್ಲದೆ ಉಳಿಯುವ ವೃತ್ತ ಹಿಗ್ಗಿ ನಿರುಪಯುಕ್ತ ಔಷಧವೂ ಉಪಯುಕ್ತವೆಂಬಂತೆ ತೋರುತ್ತದೆ; ದಪ್ಪವಾದರೆ ವೃತ್ತ ಕುಗ್ಗಿ, ಫಲಕಾರಿಯಾದ ಔಷಧವೂ ವ್ಯರ್ಥವೆನಿಸುತ್ತದೆ.

ಸುಮಾರು 35 ಡಿಗ್ರಿ ಉಷ್ಣತೆಯಲ್ಲಿ ಹದಿನಾರರಿಂದ ಹದಿನೆಂಟು ಗಂಟೆಗಳು ಕಳೆದು ಮೂರನೆಯ ದಿನ ಬೆಳಗಾದಾಗ, ಪ್ಲೇಟಿನ ಮೇಲೆಲ್ಲ ಬೂದುಬಿಳುಪಿನ ಬೆಳೆ. ಅದರ ನಡುನಡುವೆ, ಕೆಲವು ಡಿಸ್ಕುಗಳ ಸುತ್ತ ಸ್ವಚ್ಛವಾದ ವೃತ್ತಗಳು. ಕೆಲವು ಡಿಸ್ಕುಗಳ ಅಂಚಿನವರೆಗೂ ಬೆಳೆ ಬಂದು ಮುಟ್ಟಿರುತ್ತದೆ. ವೃತ್ತದ ಅಡ್ಡಳತೆಯನ್ನು ಪ್ಲೇಟಿನ ಹಿಂಬದಿಯಿಂದ ಸ್ಕೇಲಿನಲ್ಲಿ ಅಳೆಯುತ್ತಾರೆ. ದೊಡ್ಡ ವೃತ್ತವುಳ್ಳ ಔಷಧವೇ ಉತ್ತಮವೆಂಬ ಭಾವನೆ ಸಹಜವಾದರೂ ತಪ್ಪು. ಅಮೆರಿಕದ ಸಿ.ಎಲ್.ಎಸ್.ಐ. ಸಂಸ್ಥೆಯ ಮಾನದಂಡದ ಪ್ರಕಾರ, ಇ. ಕೋಲೈ ವಿಷಯದಲ್ಲಿ ಆಂಪಿಸಿಲಿನ್ನಿನ ವೃತ್ತ 17 ಮಿಲಿಮೀಟರ್ ಇದ್ದರೆ ಸಾಕು, ಔಷಧ ಕೆಲಸ ಮಾಡುತ್ತದೆ. ಸಿಪ್ರೊಫ್ಲಾಕ್ಸಾಸಿನ್ನಿಗಾದರೋ 26 ಬೇಕು, 21 ಅಥವಾ ಅದಕ್ಕಿಂತ ಕಡಮೆಯಾದರೆ ರೋಗಾಣು ಪ್ರತಿರೋಧಿ. ಎಂದರೆ ಒಂದೇ ಪ್ಲೇಟಿನ ಮೇಲೆ 20 ಮಿಲಿಮೀಟರಿನ ಎರಡು ವೃತ್ತಗಳಿದ್ದು, ಒಂದರ ಮುಂದೆ ‘ಎಸ್’ ಎಂದೂ ಇನ್ನೊಂದರ ಮುಂದೆ ‘ಆರ್’ ಎಂದೂ ಬರೆಯಬೇಕಾಗಬಹುದು. ಔಷಧ ಅಗಾರಿನಲ್ಲಿ ಹರಡುವ ವೇಗ, ರೋಗಿಯ ದೇಹದಲ್ಲಿ ಅದು ತಲಪುವ ಪ್ರಮಾಣ, ಚಿಕಿತ್ಸೆಯ ಅನುಭವ ಇವೆಲ್ಲವನ್ನೂ ತೂಗಿ ನೋಡಿ ಆ ಅಂಕೆಗಳನ್ನು ಗೊತ್ತುಪಡಿಸಿದ್ದಾರೆ; ಯೂರೋಪಿನಲ್ಲಿ ಇದೇ ಕೆಲಸವನ್ನು ಯೂಕ್ಯಾಸ್ಟ್ ಎಂಬ ಸಮಿತಿ ಮಾಡುತ್ತದೆ. ಪರೀಕ್ಷೆ ನೆಟ್ಟಗಿದೆಯೆಂಬುದಕ್ಕೆ ಸಾಕ್ಷಿಯಾಗಿ, ಎ.ಟಿ.ಸಿ.ಸಿ. 25922 ಎಂಬ ಸಂಖ್ಯೆಯ ಇ. ಕೋಲೈ ತಳಿಯನ್ನೂ ಇದೇ ರೀತಿ ಬೆಳೆಸಿ, ಅದರ ವೃತ್ತಗಳು ಗೊತ್ತಾದ ಮಿತಿಯಲ್ಲಿವೆಯೇ ಎಂದು ನೋಡುತ್ತಾರೆ. ಇಲ್ಲವಾದರೆ ಆ ಔಷಧದ ಫಲಿತಾಂಶವನ್ನು ಹೊರಗೆ ಕಳುಹಿಸತಕ್ಕದ್ದಲ್ಲ.

ವೃತ್ತವನ್ನು ಅಳೆಯುವುದು ಸಾಲದೆನಿಸಿದಾಗ ಇನ್ನೊಂದು ಕ್ರಮವುಂಟು. ಔಷಧವನ್ನು ಒಂದರಿಂದೊಂದಕ್ಕೆ ಅರ್ಧರ್ಧವಾಗಿ ತೆಳುಗೊಳಿಸಿ ಸಾಲಾಗಿಟ್ಟ ಗುಳಿಗಳಲ್ಲಿ ರೋಗಾಣುವನ್ನು ಬಿತ್ತಿ, ಎಷ್ಟು ಕಡಮೆ ಔಷಧದಲ್ಲಿ ಅದರ ಬೆಳವಣಿಗೆ ನಿಲ್ಲುತ್ತದೆಂದು ನೋಡುವುದು. ಆ ಕನಿಷ್ಠ ಪ್ರಮಾಣಕ್ಕೆ ಎಂ.ಐ.ಸಿ. ಎಂದು ಹೆಸರು, ರಕ್ತದ ಸೋಂಕು, ಹೃದಯದ ಕವಾಟದ ಸೋಂಕುಗಳಂಥ ಗಂಭೀರ ಪ್ರಸಂಗಗಳಲ್ಲಿ ಇದರ ಬೆಲೆ ಬಹಳ.

ರಿಪೋರ್ಟಿನ ಅಕ್ಷರಗಳ ಅರ್ಥವನ್ನು ಈಗ ಹೇಳಬಹುದು. ‘ಎಸ್’ ಎಂದರೆ ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟ ಔಷಧಕ್ಕೆ ರೋಗಾಣು ಮಣಿಯುವ ಸಂಭವ ಹೆಚ್ಚು. ‘ಆರ್’ ಎಂದರೆ ಮಣಿಯದು. ನಡುವೆ ಬರುವ ‘ಐ’ ಅಕ್ಷರದ ಸಂದರ್ಭದಲ್ಲಿ ಪ್ರಮಾಣವನ್ನು ಹೆಚ್ಚಿಸಿಯೋ, ಔಷಧ ಸಾಂದ್ರವಾಗಿ ಸೇರುವ ಅಂಗವೆಂದು ನೋಡಿಯೋ ವೈದ್ಯರು ತೀರ್ಮಾನಿಸಬೇಕು. ‘ಎಸ್’ ಎಂದಿರುವ ಔಷಧಗಳಲ್ಲಿ ಯಾವುದನ್ನಾದರೂ ನುಂಗಬಹುದೆಂದು ಇದರ ಅರ್ಥವಲ್ಲ. ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧ. ಆದರೆ ಸೋಂಕು ಮೂತ್ರಪಿಂಡಕ್ಕೋ ರಕ್ತಕ್ಕೋ ಏರಿದ್ದರೆ, ಅಲ್ಲಿಗೆ ಅದು ಸಾಕಷ್ಟು ಪ್ರಮಾಣದಲ್ಲಿ ಸೇರದಕಾರಣ ಪ್ರಯೋಜನವಿಲ್ಲ. ರೋಗಿಯ ವಯಸ್ಸು, ಗರ್ಭಾವಸ್ಥೆ, ಮೂತ್ರಪಿಂಡದ ಶಕ್ತಿ ಇವೆಲ್ಲವನ್ನೂ ಕಂಡು ಆಯ್ಕೆ ಮಾಡುವ ಹೊಣೆ ವೈದ್ಯರದು. ಕಾಗದವನ್ನು ಹಿಡಿದು ಔಷಧದಂಗಡಿಗೆ ನೇರವಾಗಿ ಹೋಗುವುದು ಸರ್ವಥಾ ಸಲ್ಲದು.

ಈ ಪ್ರತಿರೋಧಶಕ್ತಿ ಎಲ್ಲಿಂದ ಬಂತು? ಔಷಧವನ್ನು ಕಂಡ ಮೇಲೆ ಬ್ಯಾಕ್ಟೀರಿಯ ಅದನ್ನು ಎದುರಿಸುವುದನ್ನು ಕಲಿಯುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಎಸ್ತರ್ ಮತ್ತು ಜೋಷುವ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಮಾಡಿ ತೋರಿಸಿದ ಪ್ರಯೋಗ ಬೇರೆಯೇ ಸತ್ಯವನ್ನು ಹೇಳುತ್ತದೆ. ಕ್ರಿಮಿಶುದ್ಧ ಮಖಮಲ್ ಬಟ್ಟೆಯನ್ನು ಔಷಧವಿಲ್ಲದ ಪ್ಲೇಟಿನ ಮೇಲಿನ ಬೆಳೆಗೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ಪ್ಲೇಟುಗಳ ಮೇಲೆ ಒತ್ತಿದಾಗ, ಬದುಕಿ ಉಳಿದ ಕಾಲೊನಿಗಳು ಒಂದೊಂದು ಪ್ಲೇಟಿನಲ್ಲಿಯೂ ಅದದೇ ಸ್ಥಾನಗಳಲ್ಲಿ ಕಾಣಿಸಿಕೊಂಡುವು. ಔಷಧವನ್ನು ಎಂದೂ ಕಾಣದ ಮೂಲ ಪ್ಲೇಟಿನ ಅದೇ ಸ್ಥಾನಗಳಲ್ಲಿ ಹುಡುಕಿದರೆ ಪ್ರತಿರೋಧಿ ಬ್ಯಾಕ್ಟೀರಿಯಗಳು ಅಲ್ಲಿ ಆಗಲೇ ಇದ್ದುವು. ಔಷಧ ಮಾಡಿದ್ದೆಂದರೆ, ದುರ್ಬಲರನ್ನು ಕೊಂದು ಆ ಕೆಲವರಿಗೆ ಜಾಗ ಮಾಡಿಕೊಟ್ಟದ್ದು. ಜಪಾನಿನಲ್ಲಿ 1950ರ ದಶಕದ ಕೊನೆಯಲ್ಲಿ ಭೇದಿಯ ರೋಗಾಣುಗಳು ಏಕಕಾಲದಲ್ಲಿ ನಾಲ್ಕು ಔಷಧಗಳಿಗೆ ಪ್ರತಿರೋಧಿಗಳಾಗಿದ್ದುದನ್ನು ಪರಿಶೀಲಿಸಿದಾಗ ಇನ್ನೂ ಕಳವಳಕಾರಿಯಾದ ಸಂಗತಿ ಹೊರಬಿತ್ತು: ಈ ಶಕ್ತಿಯನ್ನು ಹೊತ್ತ ಡಿ.ಎನ್.ಎ. ಉಂಗುರಗಳನ್ನು, ಅಂದರೆ ಪ್ಲಾಸ್ಮಿಡ್ಡುಗಳನ್ನು, ಒಂದು ಬ್ಯಾಕ್ಟೀರಿಯ ಇನ್ನೊಂದಕ್ಕೆ, ಅದು ಬೇರೆ ಜಾತಿಯದಾದರೂ, ದಾಟಿಸಬಲ್ಲುದು.

ಪ್ರತಿರೋಧಿ ಬ್ಯಾಕ್ಟೀರಿಯಗಳಲ್ಲಿ ಕೆಲವು ಔಷಧವನ್ನು ಕಿಣ್ವದಿಂದ ಒಡೆಯುತ್ತವೆ, ಕೆಲವು ಒಳಹೊಕ್ಕುದನ್ನು ಹೊರಕ್ಕೆ ನೂಕುತ್ತವೆ, ಕೆಲವು ಔಷಧ ಹಿಡಿಯಬೇಕಾದ ತಾಣವನ್ನೇ ಮಾರ್ಪಡಿಸಿಕೊಳ್ಳುತ್ತವೆ. ಕಿಣ್ವದಿಂದ ಒಡೆಯುವುದನ್ನು ಪ್ಲೇಟಿನ ಮೇಲೆಯೇ ಪತ್ತೆ ಮಾಡಬಹುದು. ಸೆಫೊಟ್ಯಾಕ್ಸಿಮ್ ಡಿಸ್ಕನ್ನೂ, ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲ ಬೆರೆಸಿದ ಅದೇ ಔಷಧದ ಡಿಸ್ಕನ್ನೂ ಇಟ್ಟಾಗ, ಎರಡನೆಯದರ ವೃತ್ತ ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ದೊಡ್ಡದಾದರೆ, ರೋಗಾಣುವಿನಲ್ಲಿ ಇ.ಎಸ್.ಬಿ.ಎಲ್. ಎಂಬ ಕಿಣ್ವವಿದೆಯೆಂದು ಸಿದ್ಧವಾಗುತ್ತದೆ. ಆಗ ವೈದ್ಯರು ಗಂಭೀರ ಸೋಂಕಿಗೆ ಮೆರೊಪೆನೆಮ್‌ನಂಥ ಬೆಲೆಬಾಳುವ ಔಷಧದ ಮೊರೆಹೋಗಬೇಕಾಗುತ್ತದೆ. ಅದನ್ನೂ ಒಡೆಯಬಲ್ಲ ಎನ್.ಡಿ.ಎಂ. ಎಂಬ ಕಿಣ್ವ, ಹೊಸದಿಲ್ಲಿಯ ಹೆಸರನ್ನು ಹೊತ್ತು, 2009ರಲ್ಲಿ ವೈಜ್ಞಾನಿಕ ಲೋಕಕ್ಕೆ ಪರಿಚಯವಾಯಿತು.

ಇತ್ತೀಚಿನ ವರ್ಷಗಳಲ್ಲಿ ಗುರುತಿಸುವ ಕೆಲಸ ಬಹಳ ಶೀಘ್ರವಾಗಿದೆ. ಕಾಲೊನಿಯ ಒಂದು ಕಣಕ್ಕೆ ಲೇಸರ್ ಕಿರಣವನ್ನು ಹಾಯಿಸಿ, ಅದರಿಂದ ಹಾರಿದ ಪ್ರೋಟೀನುಗಳ ತೂಕವನ್ನು ಗಣಿಸಿ, ಜಾತಿಯ ಹೆಸರನ್ನು ಕೆಲವೇ ನಿಮಿಷಗಳಲ್ಲಿ ಹೇಳುವ ಮಾಲ್ಡಿ–ಟಾಫ್ ಯಂತ್ರ ದೊಡ್ಡ ಆಸ್ಪತ್ರೆಗಳಿಗೆ ಬಂದಿದೆ. ವಾರಗಟ್ಟಲೆ ಕಾದು ಬೆಳೆಸಬೇಕಾಗಿದ್ದ ಕ್ಷಯದ ರೋಗಾಣುವನ್ನೂ ರಿಫಾಂಪಿಸಿನ್ನಿಗೆ ಅದರ ಪ್ರತಿರೋಧವನ್ನೂ ಸುಮಾರು ಎರಡು ಗಂಟೆಗಳಲ್ಲಿ ಪತ್ತೆಹಚ್ಚುವ ಜೀನ್ ಪರೀಕ್ಷೆ ಬಂದಿದೆ. ಆದರೂ ಜೀನ್ ಪರೀಕ್ಷೆ ತಾನು ಹುಡುಕಹೊರಟ ಜೀನನ್ನು ಮಾತ್ರ ಕಾಣಬಲ್ಲುದು. ಔಷಧದ ಎದುರಿನಲ್ಲಿ ರೋಗಾಣು ಬೆಳೆಯುವುದೋ ಇಲ್ಲವೋ ಎಂಬ ಮೂಲಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡತಕ್ಕದ್ದು ಇಂದಿಗೂ ಆ ಅಗಾರಿನ ಪ್ಲೇಟೇ.

ಒಬ್ಬನ ರಿಪೋರ್ಟಿನಿಂದ ಒಬ್ಬನಿಗೆ ಪ್ರಯೋಜನವಾದರೆ, ಒಂದು ವರ್ಷದ ರಿಪೋರ್ಟುಗಳೆಲ್ಲ ಸೇರಿ ಊರಿಗೇ ಪ್ರಯೋಜನವಾಗುತ್ತದೆ. ತನ್ನಲ್ಲಿಗೆ ಬಂದ ಇ. ಕೋಲೈಗಳಲ್ಲಿ ನೂರಕ್ಕೆ ಎಷ್ಟು ಯಾವ ಔಷಧಕ್ಕೆ ಮಣಿದುವೆಂಬ ಪಟ್ಟಿಯನ್ನು ಆಸ್ಪತ್ರೆ ಸಿದ್ಧಪಡಿಸಿಟ್ಟುಕೊಂಡರೆ, ಕಲ್ಚರ್ ಬರುವ ತನಕ ಕಾಯಲಾಗದ ರೋಗಿಗೆ ವೈದ್ಯರು ಕೊಡುವ ಮೊದಲ ಔಷಧ ಬರಿಯ ಊಹೆಯಾಗದೆ ಆಧಾರವುಳ್ಳದ್ದಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ಇಂಥ ಮಾಹಿತಿಯನ್ನು ದೇಶದ ಮಟ್ಟದಲ್ಲಿ ಕಲೆಹಾಕುವ ಜಾಲವನ್ನು ಆರಂಭಿಸಿತು. ಕೆಲವು ಪ್ರಮುಖ ಆ್ಯಂಟಿಬಯಾಟಿಕ್ಕುಗಳನ್ನು ಹೆಚ್–1 ಎಂಬ ಅನುಸೂಚಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದುದನ್ನು ರೋಗಿಯ ಮತ್ತು ವೈದ್ಯರ ಹೆಸರಿನೊಡನೆ ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿದ ನಿಯಮ 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಕೋಳಿ, ದನಕರುಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ಸರ್ಕಾರ 2019ರಲ್ಲಿ ನಿಷೇಧಿಸಿತು. ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2019ರೊಂದರಲ್ಲಿಯೇ ಲೋಕದಲ್ಲಿ 12 ಲಕ್ಷ 70 ಸಾವಿರ ಮರಣಗಳಿಗೆ ಬ್ಯಾಕ್ಟೀರಿಯಗಳ ಔಷಧಪ್ರತಿರೋಧವೇ ನೇರವಾದ ಕಾರಣ. ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿದಾಗಲೇ, ಪೆನಿಸಿಲಿನ್ನನ್ನು ಅರೆಬರೆಯಾಗಿ ನುಂಗುವವನು ರೋಗಾಣುಗಳನ್ನು ಪ್ರತಿರೋಧಿಗಳನ್ನಾಗಿಸಿ ಇತರರಿಗೆ ಹರಡಿಯಾನೆಂದು ಎಚ್ಚರಿಸಿದ್ದನು.

ಲೇಖಕನ ಪ್ರಾರ್ಥನೆ ಇಷ್ಟೇ. ನೆಗಡಿ, ಫ್ಲೂಗಳಿಗೆ ವೈರಸ್ಸುಗಳು ಕಾರಣ; ಅವುಗಳಿಗೆ ಆ್ಯಂಟಿಬಯಾಟಿಕ್ ಕೊಡಿರೆಂದು ವೈದ್ಯರನ್ನು ಒತ್ತಾಯಿಸಬೇಡಿ. ಔಷಧದಂಗಡಿಯವರಿಂದ ಚೀಟಿಯಿಲ್ಲದೆ ಎರಡು ದಿನದ ಮಾತ್ರೆಗಳನ್ನು ಕೇಳಿ ತೆಗೆದುಕೊಳ್ಳಬೇಡಿ. ಕಳೆದ ವರ್ಷ ಉಳಿಸಿಟ್ಟುದನ್ನು ಈ ವರ್ಷದ ಜ್ವರಕ್ಕೆ ನುಂಗಬೇಡಿ. ವೈದ್ಯರು ಕಲ್ಚರ್ ಮಾಡಿಸಿರೆಂದರೆ ಅದನ್ನು ವೃಥಾ ಖರ್ಚೆಂದು ತಳ್ಳಿಹಾಕದೆ, ಮೊದಲ ಮಾತ್ರೆಗೆ ಮುಂಚೆಯೇ ಸ್ಯಾಂಪಲ್ ಕೊಡಿ. ರಿಪೋರ್ಟ್ ಬಂದ ದಿನ ಅದನ್ನು ತಪ್ಪದೆ ವೈದ್ಯರಿಗೆ ತೋರಿಸಿ, ಅವರು ಔಷಧ ಬದಲಾಯಿಸಿದರೆ ಬದಲಾಯಿಸಿಕೊಳ್ಳಿ, ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಸರ್ಕಾರವೂ ತಾಲ್ಲೂಕು ಆಸ್ಪತ್ರೆಯ ರೋಗಿಗೆ ಈ ಪರೀಕ್ಷೆ ಕೈಗೆಟಕುವಂತೆ ಮಾಡಬೇಕು. ಹೊಸ ಆ್ಯಂಟಿಬಯಾಟಿಕ್ಕುಗಳು ಅಪರೂಪವಾಗಿರುವ ಈ ಕಾಲದಲ್ಲಿ, ಇರುವ ಔಷಧಗಳ ಶಕ್ತಿಯನ್ನು ಮುಂದಿನವರಿಗಾಗಿ ಕಾಪಾಡುವ ಕರ್ತವ್ಯದಲ್ಲಿ ವೈದ್ಯರಿಗೆಷ್ಟು ಪಾಲಿದೆಯೋ ರೋಗಿಗಳಿಗೂ ಅಷ್ಟೇ ಪಾಲಿದೆ.